ಮೂರನೆಯ ಕೂಗು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀಗ ತೆಗೆಯದ ಕೋರ್ಟಿನ ಮೆಟ್ಟಿಲ ಬಳಿ ಒಬ್ಬರು ಉಪ್ಪುನೀರಿನಲ್ಲಿ ಗಂಟಲು ಮುಕ್ಕಳಿಸುತ್ತಿದ್ದಾರೆ. ಸಂಚಾರ ನ್ಯಾಯಾಲಯದಲ್ಲಿ ಹೆಸರು ಕೂಗುವ ಜವಾನರು ಇವರು. ವಕೀಲರ ಬಾಯಲ್ಲಿ ‘ಮೈಕಣ್ಣ’. ಮೈಕು ಮಾತ್ರ ಯಾರೂ ಕೊಟ್ಟಿಲ್ಲ. ಇವರ ಬಗ್ಗೆ ಪತ್ರಿಕೆಗೆ ಬರೆಯಲು ಇಂದು ಇಡೀ ದಿನ ನಾನು ಜೊತೆಗಿದ್ದೇನೆ.

ದಿನಕ್ಕೆ ನೂರರ ಆಸುಪಾಸು ಹೆಸರು. ಸಂಜೆಗೆ ಸ್ವರವೇ ಇರುವುದಿಲ್ಲ. “ಊರಿಗೆಲ್ಲ ಕೂಗ್ತೀರಿ, ಮನೇಲಿ ಹೂಂ ಅನ್ನಕ್ಕೂ ಬರಗಾಲ ಅಂತಾಳೆ ನಮ್ಮನೆಯವಳು.”

ದಂಡದ ಚೀಟಿಯನ್ನು ಪ್ರಶ್ನಿಸಿದವರ ವಿಚಾರಣೆ ಗಡುವಿನೊಳಗೆ ಮುಗಿಯಬೇಕು. ಮೂರು ಸಲ ಕೂಗಿದರೂ ಓಗೊಡದಿದ್ದರೆ ಗೈರು. ಗೈರಾದರೆ ಚೀಟಿಯಲ್ಲಿ ಬರೆದದ್ದೇ ಖಾಯಂ. ಅದಕ್ಕೇ ಮೈಕಣ್ಣ ಬಂದವರನ್ನೆಲ್ಲ ಮೊದಲು ಕೇಳುವುದು ಒಂದೇ: “ಎಲ್ಲಿ ನಿಂತಿರ್ತೀರಿ?”

ಇಂದು ಶಾಲಾ ವ್ಯಾನಿನ ಡ್ರೈವರ್ ಒಬ್ಬ ಬಂದಿದ್ದಾನೆ. ಕೆಂಪು ದೀಪ ದಾಟಿದನೆಂದು ಚೀಟಿ. ಸಿಗ್ನಲ್ಲೇ ಕೆಟ್ಟಿತ್ತೆಂದು ಅವನ ವಾದ. ಸೋತರೆ ಲೈಸೆನ್ಸು ಅಮಾನತು, ವ್ಯಾನು ಬೇರೆಯವರ ಕೈಗೆ. ಎರಡು ಸಲ ಮುಂದಕ್ಕೆ ಹೋದ ವಾಯಿದೆ, ಇಂದೇ ಕೊನೆ.

“ಬಾಗಿಲು ಬಿಟ್ಟು ಅಲ್ಲಾಡಲ್ಲ ಮಾವ.”

“ಎಲ್ರೂ ಹಂಗೇ ಅನ್ನೋದು. ಗಾಡಿ ಎಲ್ಲಿ ನಿಲ್ಸಿದೀಯ?”

“ಹಿಂದಿನ ಗೇಟ್ ಹತ್ರ.”

ಅವನ ಸರದಿ ಬಂದಾಗ ಬಾಗಿಲಲ್ಲಿ ಅವನಿಲ್ಲ. ಮೊದಲ ಕೂಗು: ಹೆಸರು, ತಂದೆಯ ಹೆಸರು. ಉತ್ತರವಿಲ್ಲ. ಎರಡನೆಯದು ಮೆಟ್ಟಿಲ ತುದಿಯಿಂದ. ಕೆಳಗೆ ಕೆಲವು ಮುಖಗಳು ಮೇಲೆ ನೋಡುತ್ತವೆ, ಯಾವುದೂ ಅವನದಲ್ಲ. ಒಳಗೆ ನ್ಯಾಯಾಧೀಶೆ ಪೆನ್ನಿನ ಮುಚ್ಚಳ ತೆಗೆದಿದ್ದಾರೆ.

“ಆಯ್ತೇನ್ರೀ?”

“ಇನ್ನೊಂದಿದೆ ಮೇಡಂ.”

ಮೂರು ಸಲ ಎಂದು ನಿಯಮ. ಎಲ್ಲಿ ನಿಂತು ಎಂದಿಲ್ಲ. ಸವೆದ ಮಂಡಿ ಹಿಡಿದುಕೊಂಡು ಮೈಕಣ್ಣ ಇಳಿಯುತ್ತಾರೆ. ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಊರಬೇಕು. ಅಂಗಳ, ನೀರಿನ ನಲ್ಲಿ, ಸೈಕಲ್ ಸಾಲು. ಹಿಂದಿನ ಗೇಟಿನ ಬಳಿ ನಿಂತು ಉಸಿರೆಳೆದುಕೊಳ್ಳುತ್ತಾರೆ. ಮೂರನೆಯ ಕೂಗು.

“ಬಂದೇ!”

ವ್ಯಾನಿನ ಮುಂದೆ ಟ್ರಾಫಿಕ್ ಪೊಲೀಸ್. ಅಡ್ಡ ನಿಲ್ಲಿಸಿದ್ದಕ್ಕೆ ಹೊಸ ಚೀಟಿ ಬರೆಯುತ್ತಿದ್ದಾನೆ. ಎದುರಿಗೆ ಕೈಮುಗಿದುಕೊಂಡು ನಮ್ಮ ಡ್ರೈವರ್.

“ಅದನ್ನ ಬರ್ಕೊಳ್ಲಿ ಬಿಡೋ ಮಾರಾಯ, ಕೋರ್ಟಿಗೆ ಓಡು!”

ಅವನು ಓಡುತ್ತಾನೆ. ಮೈಕಣ್ಣ ಅಂಗಳದಿಂದಲೇ ಕಿಟಕಿಗೆ ಕೇಳುವಂತೆ ಕೂಗುತ್ತಾರೆ: “ಹಾಜರ್!”

ನಾವು ಹತ್ತಿ ಬರುವಷ್ಟರಲ್ಲಿ ಪೆನ್ನಿಗೆ ಮುಚ್ಚಳ ಬಿದ್ದಿದೆ. ನ್ಯಾಯಾಧೀಶೆ ಕ್ಯಾಮೆರಾದ ಚಿತ್ರ ನೋಡುತ್ತಿದ್ದಾರೆ. ಸಿಗ್ನಲ್ಲಿನ ಮೂರು ದೀಪಗಳೂ ಕಪ್ಪು. ಚೀಟಿ ರದ್ದು.

ಹೊರಗೆ ಬಂದವನನ್ನು ಮೈಕಣ್ಣ ಕೇಳುತ್ತಾರೆ: “ಹೊಸದರ ಮೇಲೂ ಕೇಸು ಹಾಕ್ತೀಯೇನೋ?”

“ಇಲ್ಲ ಮಾವ, ಅದು ನಂದೇ ತಪ್ಪು. ಕಟ್ಬಿಡ್ತೀನಿ.”

ಮಧ್ಯಾಹ್ನ ಬೆಂಚಿನ ಮೇಲೆ ಮಂಡಿ ನೀವಿಕೊಳ್ಳುತ್ತಾ ಮೈಕಣ್ಣ ಹೇಳುತ್ತಾರೆ: “ಬಾಗಿಲಲ್ಲೇ ನಿಂತು ಮೂರು ಸಲ ಕೂಗಿದ್ರೂ ಸಂಬಳ ಬರುತ್ತಮ್ಮ. ಆದ್ರೆ ಕೂಗೋದು ಕೇಳಿಸ್ಲಿ ಅಂತ ಅಲ್ವಾ?”

ಆಸೆ ಏನಾದರೂ ಇದೆಯೇ ಎಂದು ಕೇಳುತ್ತೇನೆ.

“ರಿಟೈರ್ ಆಗೋದ್ರೊಳಗೆ ಒಂದೇ ಒಂದು ದಿನ, ಕೂಗಿದೋರೆಲ್ಲ ಓಗೊಡಬೇಕು. ಒಬ್ರೂ ಬಿಡದಂಗೆ. ಅಂಥ ದಿನ ಇನ್ನೂ ಬಂದಿಲ್ಲ.”

ಒಳಗಿನಿಂದ ಗಂಟೆ. ಇನ್ನೊಂದು ಹೆಸರು. ಅವರು ಎದ್ದು ಬಾಗಿಲಿಗೆ ಹೋಗುತ್ತಾರೆ.