ಗ್ರೀಕ್ ಅಂಕಲ್‌ನ ಸ್ವರಕ್ಕೆ ಹೊಂದಿಸಿದ ಹೂಕುಂಡಗಳು

ಅಡಿಲೇಡ್‌ನಲ್ಲಿ ನಾನು ಧ್ವನಿವಿಜ್ಞಾನ ಓದುತ್ತಿದ್ದೆ. ಓದು ಎನ್ನುವುದು ಮನೆಯವರಿಗೆ ಹೇಳಿದ ಮಾತು. ನಿಜಕ್ಕೂ ಕಿಲ್ಬರ್ನ್‌ನ ಪೆಟ್ರೋಲ್ ಬಂಕಿನಲ್ಲಿ ಪೈ ಬಿಸಿಮಾಡುತ್ತಿದ್ದೆ. ಅಲ್ಲಿಗೆ ಹಾಲು ಕೊಳ್ಳಲು ಬರುತ್ತಿದ್ದ ಗ್ರೀಕ್ ಅಂಕಲ್ ಹಿಂದಿನ ಬೀದಿಯ ಆರ್ಥೊಡಾಕ್ಸ್ ಚರ್ಚಿನ ಹಾಡುಗಾರರು. ಉಳಿದವರ ಹಾಡಿನ ಕೆಳಗೆ ಒಂದೇ ಸ್ವರ ಹಿಡಿದು ನಿಲ್ಲುವುದು ಅವರ ಕೆಲಸ, ನಮ್ಮ ತಂಬೂರಿಯ ಹಾಗೆ. ಅವರ ಊರಿನ ಮಧ್ಯಯುಗದ ಚರ್ಚಿನಲ್ಲಿ ಆ ಸ್ವರ ಕಲ್ಲಿನ ಗುಮ್ಮಟ ಸುತ್ತಿ ಎಲ್ಲರ ತಲೆಯ ಮೇಲೆ ಇಳಿಯುತ್ತಿತ್ತಂತೆ. ಇಲ್ಲಿಯ ಚರ್ಚು ಹಳೆಯ ಗೋದಾಮು. ತಗ್ಗು ಸೀಲಿಂಗು, ನೆಲಕ್ಕೆಲ್ಲ ಕಾರ್ಪೆಟ್ಟು. ಸ್ವರ ಮೂರನೇ ಸಾಲಿಗೇ ಸಾಯುತ್ತಿತ್ತು.

"ಈಸ್ಟರ್‌ಗೆ ಮೈಕ್ ಹಾಕ್ತಾರಂತೆ. ಮೈಕ್ ಬಂದ್ರೆ ನಾನು ಹಾಡಲ್ಲ," ಎಂದರು.

ನನ್ನ ಬಾಯಿ ಸುಮ್ಮನಿರಬೇಕಲ್ಲ. "ಅಂಕಲ್, ಆ ಕಾಲದಲ್ಲಿ ಚರ್ಚಿನ ಗೋಡೆಯೊಳಗೆ ಮಡಕೆ ಹೂಳ್ತಿದ್ರು, ದನಿಗೋಸ್ಕರ. ನಾನು ಮಾಡ್ಕೊಡ್ತೀನಿ ಬಿಡಿ!" ಆ ಬಗ್ಗೆ ಒಂದು ಲೇಖನದ ಮೊದಲ ಪುಟ ಓದಿದ್ದೆ. ಮೊದಲ ಪುಟ ಬಹಳ ಚೆನ್ನಾಗಿತ್ತು.

ಮಾಡ್ಬರಿಯ ಅಂಗಡಿಯಿಂದ ಬಸ್ಸಿನಲ್ಲಿ ಮಣ್ಣಿನ ಹೂಕುಂಡ ಹೊತ್ತು ತಂದೆ. ಅಗಲ ಬಾಯಿಯನ್ನು ಹಲಗೆಗೆ ಒತ್ತಿ, ಸಂದಿಗೆ ಚಪಾತಿ ಹಿಟ್ಟು ಮೆತ್ತಿದೆ. ತಳದ ತೂತೇ ಮಡಕೆಯ ಬಾಯಿ. ಅಂಕಲ್‌ನ ಸ್ವರಕ್ಕೆ ಸರಿಯಾಗಿ ಮೊಳಗುವವರೆಗೂ ಒಂದೊಂದರ ತೂತನ್ನೂ ಕೊರೆದು ದೊಡ್ಡದು ಮಾಡಿದೆ.

"ಲೋ ಮಗಾ, ನಿನ್ ಥೀಸಿಸ್‌ಗೆ ಇರುವೆ ಹತ್ತಿದೆ ಕಣೋ!" ಎಂದ ಮೈಸೂರಿನ ರೂಮ್‌ಮೇಟ್. "ಪೆಟ್ರೋಲ್ ಬಂಕ್ ಕೆಲ್ಸನೇ ಪರ್ಮನೆಂಟ್ ಮಾಡ್ಕೋ."

ಈಸ್ಟರ್‌ಗೆ ಮುಂಚಿನ ಭಾನುವಾರ, ಚರ್ಚಿಗೆ ಸಾಗಿಸಿದ ಕುಂಡಗಳ ನಡುವೆ ನಿಂತು ಅಂಕಲ್ ಸ್ವರ ಹಿಡಿದರು. ಮೂರನೇ ಸಾಲಿಗೆ ಸಾಯುತ್ತಿದ್ದದ್ದು ಮೊದಲನೇ ಸಾಲಿಗೇ ಸತ್ತಿತು. ಹಿಂದೆ ನಿಂತು ಫೋನಿನಲ್ಲಿ ಲೇಖನದ ಎರಡನೇ ಪುಟ ತೆರೆದೆ. ಯಾವ ಸ್ವರಕ್ಕೆ ಹೊಂದಿಸುತ್ತೇವೋ ಆ ಸ್ವರವನ್ನೇ ಮಡಕೆ ನುಂಗುತ್ತದೆ. ಕಲ್ಲಿನ ಗುಮ್ಮಟದಲ್ಲಿ ಮೊಳಗು ವಿಪರೀತವಾದರೆ ತಗ್ಗಿಸಲು ಅದು. ನನ್ನ ಜೀವನದಲ್ಲಿ ಸರಿಬಂದ ಲೆಕ್ಕ ಆ ತೂತುಗಳದೊಂದೇ.

"ಹಿಂದಕ್ಕೆ ತಲುಪ್ತಾ?" ಎಂದರು ಅಂಕಲ್.

"ಸೂಪರ್ ಅಂಕಲ್."

ಕೇಳಿಸದೆ ಕಿವಿಗೆ ಕೈ ಹಿಡಿದು ಕೂತಿದ್ದವರನ್ನು ಅವರು ನೋಡಿದ್ದರು. ಬಗ್ಗಿ ಒಂದು ಕುಂಡದ ತೂತಿಗೆ ಮೆಲ್ಲಗೆ ಗುನುಗಿದರು. ಕುಂಡ ಹೂಂಗುಟ್ಟಿತು.

"ಇದಕ್ಕೊಂದಕ್ಕೆ ಕೇಳಿಸ್ತು," ಎಂದರು.

ಈಸ್ಟರ್‌ಗೆ ಮೈಕ್ ಬಂತು. ಅವರ ಜಾಗದಲ್ಲಿ ಇನ್ನೊಬ್ಬರು. ಅಂಕಲ್ ಈಗ ಕೊನೆಯ ಸಾಲಿನಲ್ಲಿ ಬಾಯಿ ಮುಚ್ಚಿ ಕೂರುತ್ತಾರೆ. ಬಂಕಿಗೆ ಹಾಲು ಕೊಳ್ಳಲು ಮಾತ್ರ ಬರುತ್ತಾರೆ.

"ಕುಂಡ ತಗೊಂಡ್ಹೋಗಿ ಅಂಕಲ್, ಗಿಡ ಹಾಕ್ಬಹುದು," ಎಂದೆ ಒಮ್ಮೆ.

"ತೂತು ದೊಡ್ಡದಾಗೋಯ್ತು. ಮಣ್ಣು ನಿಲ್ಲಲ್ಲ," ಎಂದು ಹಾಲು ಹಿಡಿದು ಹೊರಟರು.