ಅನ್ನನಾಳದ ಎಳೆ ತೆಗೆಯುವ ಸ್ಲೈಡಕ್ಕ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ನೆಲಮಾಳಿಗೆಯ ಪ್ರಯೋಗಾಲಯದಲ್ಲಿ ಒಂದೇ ದೀಪ ಉರಿಯುತ್ತಿದೆ. ಎಲ್ಲರೂ ಸ್ಲೈಡಕ್ಕ ಎಂದು ಕರೆಯುವ ಐವತ್ತೆರಡರ ಹೆಂಗಸು ಉಸಿರು ಬಿಗಿಹಿಡಿದು ಕೊಯ್ಯುವ ಯಂತ್ರದ ಹಿಡಿ ತಿರುಗಿಸುತ್ತಾರೆ. ಮೇಣದಲ್ಲಿ ಹುದುಗಿಸಿದ ಅನ್ನನಾಳದ ಚೂರಿನಿಂದ ಕೂದಲೆಳೆಗಿಂತ ಇಪ್ಪತ್ತು ಪಾಲು ತೆಳುವಾದ ಪದರವೊಂದು ಬ್ಲೇಡಿನ ಮೇಲೆ ಜಾರಿ ಬರುತ್ತದೆ. ಅದನ್ನು ಕುಂಚದ ತುದಿಯಲ್ಲೆತ್ತಿ, ಬೆಚ್ಚನೆಯ ನೀರಿನಲ್ಲಿ ತೇಲಿಬಿಟ್ಟು, ಗಾಜಿನ ಸ್ಲೈಡಿನ ಮೇಲೆ ಕೂರಿಸಿದ ಮೇಲೆಯೇ ಅವರು ಉಸಿರು ಬಿಡುವುದು.

“ಜೋರಾಗಿ ಉಸಿರಾಡಿದ್ರೂ ಹಾರಿಹೋಗುತ್ತೆ. ಸೀನು ಬಂದ್ರೆ ಮುಗೀತು ಕಥೆ,” ಎನ್ನುತ್ತಾರೆ.

ದಿನಕ್ಕೆ ಇಂಥ ನೂರಿಪ್ಪತ್ತು ಪದರ. ಇಪ್ಪತ್ತಾರು ವರ್ಷದ ಹಿಂದೆ ಬಾಟಲಿ ತೊಳೆಯಲು ಸೇರಿದ ಅವರು ನೋಡಿ ನೋಡಿಯೇ ಕೆಲಸ ಕಲಿತವರು. ಕುತ್ತಿಗೆ ನೋವು ಬಿಟ್ಟೂಬಿಡದ ನಂಟ. ಎಡಗೈ ಹೆಬ್ಬೆರಳಲ್ಲಿ ಬ್ಲೇಡಿನ ಐದು ಗುರುತು. ಹೆಂಡತಿಯ ಕೆಲಸವೇನೆಂದು ಯಾರಾದರೂ ಕೇಳಿದರೆ, ಬಸ್ ಓಡಿಸುವ ಗಂಡ “ಕತ್ತು ಕೊಯ್ಯೋದು” ಎಂದು ನಗಿಸುತ್ತಾರಂತೆ.

ಮೂರು ವರ್ಷದಿಂದ ಅವರ ಕೈಗೆ ಬರುತ್ತಿರುವುದು, ನೀರು ನುಂಗಲೂ ಬಿಡದ ಅನ್ನನಾಳದ ಕ್ಯಾನ್ಸರಿನ ಸಂಶೋಧನೆಯ ಚೂರುಗಳು. ಮೈ ಕಾಯುವ ಕೋಶಗಳನ್ನು ಹದ್ದುಬಸ್ತಿನಲ್ಲಿಡುವ ಕೆಲವು ಪ್ರೋಟೀನುಗಳಿವೆ. ಕ್ಯಾನ್ಸರ್ ಕೋಶಗಳು ಅವನ್ನೇ ಹೊದ್ದುಕೊಂಡು ಕಾವಲಿನ ಕಣ್ಣಿಗೆ ಮಣ್ಣೆರಚುತ್ತವೆ. ಒಬ್ಬರದೇ ಅನ್ನನಾಳದ ಆರೋಗ್ಯವಂತ ಭಾಗಕ್ಕೂ ರೋಗದ ಭಾಗಕ್ಕೂ ಬಣ್ಣ ಹಾಕಿದರೆ, ಆ ಪ್ರೋಟೀನು ಇರುವಲ್ಲಿ ಕಂದು ಮೂಡುತ್ತದೆ. ಯಾರಿಗೆ ಯಾವ ಔಷಧ ನಾಟೀತು ಎಂಬ ಅಂದಾಜಿಗೆ ಆ ಕಂದು ಬೇಕು.

ಕಳೆದ ವರ್ಷ ಹನ್ನೆರಡು ಮಂದಿಯ ಆರೋಗ್ಯವಂತ ಚೂರುಗಳಲ್ಲೂ ಗಾಢ ಕಂದು ಕಾಣಿಸಿತು. ಹೊಸದೇನೋ ಸಿಕ್ಕಿತೆಂದು ಮುಖ್ಯ ಡಾಕ್ಟರು ವರದಿ ಬರೆಯಲು ಕುಳಿತರು. ಸ್ಲೈಡಕ್ಕ ಮಾತ್ರ ಆ ಸ್ಲೈಡುಗಳ ತಾರೀಖು ನೋಡಿದರು. ಬಣ್ಣ ಹಾಕಿದ ದಿನ, ಅಮ್ಮ ಬಿದ್ದರೆಂದು ಫೋನು ಬಂದು, ಅವರು ಆ ಸ್ಲೈಡುಗಳ ತಟ್ಟೆಯನ್ನು ಮುಚ್ಚದೆ ಹೊರಗೆ ಹೋಗಿದ್ದರು. ಬಣ್ಣ ಹಾಕುವ ನಡುವೆ ಒಣಗಿದ ಸ್ಲೈಡು ಇಲ್ಲದ ಕಂದು ಬಣ್ಣವನ್ನೂ ತೋರಿಸುತ್ತದೆ. ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವರು ನೇರ ಡಾಕ್ಟರ ಕೋಣೆಗೆ ಹೋದರು.

“ಮೇಡಂ, ಅದು ರೋಗಿಗಳ ಬಣ್ಣ ಅಲ್ಲ, ನನ್ನ ತಪ್ಪಿನ ಬಣ್ಣ. ಸ್ಲೈಡು ಒಣಗೋಕೆ ಬಿಟ್ಟಿದ್ದೆ.”

ಡಾಕ್ಟರು ಬರೆಯುತ್ತಿದ್ದ ವರದಿಯನ್ನು ಪಕ್ಕಕ್ಕಿಟ್ಟು, ಚೂರುಗಳು ಇನ್ನೂ ಉಳಿದಿವೆಯೇ ಎಂದಷ್ಟೇ ಕೇಳಿದರು. ಹನ್ನೊಂದು ಮಂದಿಯದು ಸಾಕಷ್ಟಿತ್ತು. ಹನ್ನೆರಡನೆಯದರಲ್ಲಿ ಇದ್ದದ್ದು ಎರಡು ಪದರಕ್ಕಾಗುವಷ್ಟು, ಆ ರೋಗಿಯೋ ತೀರಿಹೋಗಿದ್ದರು. ಮೊದಲ ಪದರ ಹರಿಯಿತು. ಎರಡನೆಯದು ಇಡಿಯಾಗಿ ಬಂತು. ಮತ್ತೆ ಬಣ್ಣ ಹಾಕಿದಾಗ ಹನ್ನೆರಡರಲ್ಲೂ ಆ ಗಾಢ ಕಂದು ಇರಲಿಲ್ಲ. ವರದಿ ನಾಲ್ಕು ತಿಂಗಳು ತಡವಾಯಿತು, ಸ್ಲೈಡಕ್ಕನಿಗೊಂದು ಮೆಮೊ ಸಿಕ್ಕಿತು.

ಅಚ್ಚಾದ ವರದಿಯಲ್ಲಿ ಏಳು ಹೆಸರುಗಳಿವೆ, ಅವರದಿಲ್ಲ. ಇದ್ದಿದ್ದರೆ ಖುಷಿಯಾಗುತ್ತಿತ್ತೆಂದು ಅವರೇ ಒಪ್ಪಿಕೊಳ್ಳುತ್ತಾರೆ. ಆದರೆ ಆಸೆ ಏನೆಂದು ಕೇಳಿದರೆ ಹೇಳುವುದು ಬೇರೆ.

“ಇಷ್ಟು ಜನರ ಗಂಟಲೊಳಗೆಲ್ಲಾ ನೋಡಿದ್ದೀನಿ, ಒಬ್ಬರ ಮುಖಾನೂ ನೋಡಿಲ್ಲ. ಇವರಲ್ಲಿ ವಾಸಿಯಾದ ಒಬ್ಬರು ಗಟಗಟ ನೀರು ಕುಡಿಯೋದನ್ನ ಒಂದ್ಸಲ ನೋಡ್ಬೇಕು. ದೂರದಿಂದಾದ್ರೂ ಸಾಕು.”