ಮಾತು ನಿಲ್ಲಿಸಿದ ಕಂಪ್ಯೂಟರ್

"ನಿಮ್ಮ ಹೊಸ ಪ್ಯಾಕೇಜ್ ಹಾಕಿದ್ಮೇಲೆ ನನ್ನ ಕಂಪ್ಯೂಟರ್ ಮೂಕ ಆಗಿದೆ ಕಣಮ್ಮ. ನಾಳೆ ಪಾಠ ಹೆಂಗೆ ಮಾಡ್ಲಿ?" ಎಂದು ಭದ್ರಾವತಿಯಿಂದ ಬಂದ ಕಣ್ಣು ಕಾಣದ ಮೇಷ್ಟ್ರು ನಮ್ಮ ದುರ್ಗಿಗುಡಿ ಮನೆಯಲ್ಲಿ ಕುಳಿತು ನನ್ನ ಮೊಮ್ಮಗಳನ್ನು ಕೇಳಿದರು. ಪರದೆಯ ಕನ್ನಡವನ್ನು ಓದಿ ಹೇಳುವ ಸಾಫ್ಟ್‌ವೇರನ್ನು ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಗೆ ಹೊಂದಿಸಿ ಇಂಥವರಿಗೆ ಕಳಿಸುವುದು ಅವಳು ತಾನಾಗಿ ಹೊತ್ತ ಕೆಲಸ.

"ಪರೀಕ್ಷೆ ಮಾಡೇ ಕಳಿಸಿದ್ದೆ ಸರ್. ಪರದೆ ಮೇಲೆ ಎಲ್ಲ ಸರಿ ಇತ್ತು."

"ದನಿ ಬಂತೇನೇ?" ಎಂದೆ.

ನನ್ನ ಮಧ್ಯಾಹ್ನದ ನಿದ್ದೆ ಕೆಡಬಾರದೆಂದು ಸೌಂಡ್ ಬಂದ್ ಮಾಡಿದ್ದಳಂತೆ!

"ಮಾತಾಡೋದನ್ನ ಕಣ್ಣಲ್ಲಿ ನೋಡಿ ಕಳಿಸಿದ್ಯಲ್ಲೇ ಮಾರಾಯ್ತಿ!"

ಮೇಷ್ಟ್ರು ಗಟ್ಟಿಯಾಗಿ ನಕ್ಕರು. ಮೊಮ್ಮಗಳು ತಪ್ಪು ಹುಡುಕಿ ತಿದ್ದಿದಳು; ಊಟದ ಹೊತ್ತಿಗೆ ಅವರು ತಂದಿದ್ದ ಕಂಪ್ಯೂಟರ್ ಮಾತಾಡಿತು.

ಈಗ ಹೊಸದನ್ನು ಕಳಿಸುವ ಮೊದಲು ಅವಳು ನನ್ನನ್ನು ಕೂರಿಸಿ ಕೇಳಿಸುತ್ತಾಳೆ. ಆ ದನಿ ಎಲ್ಲಿಂದ ಹುಟ್ಟುತ್ತದೆಂದು ಪ್ರತಿ ಸಲ ವಿಚಾರಿಸುತ್ತೇನೆ, ಅವಳು ಹೇಳಿದ್ದು ಅರ್ಧವೂ ತಿಳಿಯುವುದಿಲ್ಲ. ಆದರೆ ಒಂದು ಮಾತು ತೊದಲಿದರೂ ನಾನು ಕಳಿಸಲು ಬಿಡುವುದಿಲ್ಲ.